ವಾರಂಟ್ ಇಲ್ಲದ ಶೋಧ: ಕೇಳಬೇಕಾದದ್ದು ಬರೆದಿಟ್ಟ ಕಾರಣವನ್ನು

ಮಾನ್ಯ ಸಂಪಾದಕರೇ,

‘ವಾರಂಟ್ ಇಲ್ಲದೆ ಮನೆಗೆ ನುಗ್ಗಿದ ಪೊಲೀಸರು’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಓದಿದವರಲ್ಲಿ ಒಂದು ಗುಂಪು, ವಾರಂಟ್ ಇಲ್ಲ ಎಂದಮೇಲೆ ಅದು ಅಕ್ರಮವೇ ಎನ್ನುತ್ತದೆ. ಇನ್ನೊಂದು ಗುಂಪು, ಪೊಲೀಸರಿಗೆ ವಾರಂಟ್ ಯಾಕೆ ಬೇಕು ಎಂದು ತಿರುಗಿ ಕೇಳುತ್ತದೆ. ಇಬ್ಬರೂ ಕಾನೂನನ್ನು ಅರ್ಧಕ್ಕೇ ಓದಿ ಬಿಟ್ಟವರು. ವಾರಂಟ್ ಇಲ್ಲದೆ ಮನೆ ಶೋಧಿಸುವ ಅಧಿಕಾರ ನಮ್ಮ ಪೊಲೀಸರಿಗೆ ಖಂಡಿತ ಇದೆ. ಆದರೆ ಆ ಅಧಿಕಾರ ನಿಂತಿರುವುದು ಶೋಧಕ್ಕೆ ಮೊದಲೇ ಬರೆದಿಡಬೇಕಾದ ಒಂದು ಬರಹದ ಮೇಲೆ. ಆ ಬರಹದ ಪ್ರತಿಯನ್ನು ಪುಕ್ಕಟೆಯಾಗಿ ಪಡೆಯುವ ಹಕ್ಕು ಮನೆಯವರಿಗಿದೆ. ಇದನ್ನು ಬಳಸಿಕೊಳ್ಳುವವರು ತೀರಾ ಕಡಿಮೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಹಳೆಯ 165ನೇ ಕಲಂ ಈಗ 185 ಆಗಿದೆ, 100ನೇ ಕಲಂ 103 ಆಗಿದೆ. ಕೋರ್ಟಿನ ಕಾರಿಡಾರಿನಲ್ಲೂ ಠಾಣೆಯಲ್ಲೂ ಇನ್ನೂ ಹಳೆಯ ನಂಬರುಗಳೇ ಓಡಾಡುತ್ತಿವೆ. ಆದರೆ ಅರ್ಜಿ ಬರೆಯುವಾಗ ಹೊಸ ನಂಬರು ಹಾಕುವುದು ಒಳ್ಳೆಯದು. ಹಳೆಯದರಲ್ಲಿ ಇಲ್ಲದ ಎರಡು ಅಂಶಗಳು ಹೊಸ ಕಾನೂನಿನಲ್ಲಿ ಸೇರಿವೆ, ಎರಡೂ ಮನೆಯವರಿಗೆ ಅನುಕೂಲವಾದವೇ.

185ನೇ ಕಲಂ ಹೇಳುವುದಿಷ್ಟು. ಶೋಧ ಮಾಡಬೇಕಾದವರು ಠಾಣಾಧಿಕಾರಿ ಅಥವಾ ಆ ಪ್ರಕರಣದ ತನಿಖಾಧಿಕಾರಿ. ಅವರಿಗೆ ತನಿಖೆ ಮಾಡುವ ಅಧಿಕಾರವಿರುವ ಅಪರಾಧದ ತನಿಖೆ ನಡೆಯುತ್ತಿರಬೇಕು. ಆ ತನಿಖೆಗೆ ಬೇಕಾದ ವಸ್ತು ತಮ್ಮ ಠಾಣೆಯ ಸರಹದ್ದಿನ ಇಂಥ ಜಾಗದಲ್ಲಿದೆ ಎಂದು ನಂಬಲು ಸಕಾರಣ ಇರಬೇಕು. ಬೇರೆ ದಾರಿಯಲ್ಲಿ ಹೋದರೆ ಅದು ಕೈಗೆ ಸಿಗುವುದು ಅನಗತ್ಯವಾಗಿ ತಡವಾಗುತ್ತದೆ ಎಂದೂ ಅನ್ನಿಸಿರಬೇಕು. ಇಷ್ಟಾದ ಮೇಲೆ ಆ ನಂಬಿಕೆಯ ಕಾರಣವನ್ನೂ, ಸಾಧ್ಯವಾದಷ್ಟು ಮಟ್ಟಿಗೆ ಯಾವ ವಸ್ತುವಿಗಾಗಿ ಶೋಧ ಎಂಬುದನ್ನೂ ಕೇಸ್ ಡೈರಿಯಲ್ಲಿ ಬರೆದು, ಆಮೇಲೆ ಹೊರಡಬೇಕು. ಠಾಣಾಧಿಕಾರಿ ತಾವೇ ಹೋಗಲಾಗದಿದ್ದರೆ ಅದಕ್ಕೂ ಕಾರಣ ಬರೆದು, ಯಾವ ಜಾಗ, ಯಾವ ವಸ್ತು ಎಂದು ನಮೂದಿಸಿದ ಲಿಖಿತ ಆದೇಶವನ್ನು ಕೆಳಗಿನ ಅಧಿಕಾರಿಯ ಕೈಗೆ ಕೊಡಬೇಕು. ‘ಸಾಹೇಬರು ಹೇಳಿದ್ದಾರೆ’ ಎಂದು ಬರಿಗೈಲಿ ಬಂದವರಿಗೆ 185ರ ರಕ್ಷಣೆ ಇಲ್ಲ.

‘ತನಿಖೆ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ಎಫ್‌ಐಆರ್ ಆಗದೆ ಠಾಣೆಯಲ್ಲಿ ಅರ್ಜಿ ವಿಚಾರಣೆ ಮಾತ್ರ ನಡೆಯುತ್ತಿದ್ದರೆ ಅದು ತನಿಖೆಯಲ್ಲ. ಅಸಂಜ್ಞೇಯ ಅಪರಾಧವಾದರೆ, 174ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯನ್ನೇ ಮಾಡುವಂತಿಲ್ಲ, ಶೋಧದ ಮಾತು ದೂರ. ಸಾಲ ವಸೂಲಿ, ಬಾಡಿಗೆ ತಕರಾರು, ಅಣ್ಣತಮ್ಮಂದಿರ ಪಾಲಿನ ಜಗಳ ಇಂಥ ಸಿವಿಲ್ ವ್ಯಾಜ್ಯಗಳಲ್ಲಿ ಒಂದು ಅರ್ಜಿ ಇಟ್ಟುಕೊಂಡು ಮನೆಯ ಬೀರು ತೆಗೆಸುವುದಕ್ಕೆ ಕಾನೂನಿನ ಆಧಾರವಿಲ್ಲ. ಹಾಗಾಗಿ ಬಾಗಿಲಲ್ಲಿ ಮೊದಲು ಕೇಳಬೇಕಾದದ್ದು ‘ಕ್ರೈಂ ನಂಬರ್ ಎಷ್ಟು, ಯಾವ ಕಲಂ?’ ಎಂದು. ‘ಅನಗತ್ಯ ತಡ’ ಎಂಬ ಮಾತಿಗೂ ಹೀಗೇ ಅರ್ಥವಿದೆ. ಬಾಡಿಗೆ ಕರಾರು, ಬ್ಯಾಂಕಿನ ಸ್ಟೇಟ್‌ಮೆಂಟ್, ಕ್ರಯಪತ್ರದಂಥ ದಾಖಲೆಗಳನ್ನು 94ನೇ ಕಲಂ ಕೆಳಗೆ ನೋಟಿಸ್ ಕೊಟ್ಟು ತರಿಸಿಕೊಳ್ಳಬಹುದು. ನೋಟಿಸ್ ಯಾಕೆ ಸಾಲಲಿಲ್ಲ ಎಂಬುದಕ್ಕೆ ಬರೆದಿಟ್ಟ ಕಾರಣದಲ್ಲಿ ಉತ್ತರವಿರಬೇಕು.

ಈಗ ಹೊಸದಾಗಿ ಸೇರಿದ್ದು. ಶೋಧವನ್ನು ಆಡಿಯೊ–ವಿಡಿಯೊ ಮಾಡಲೇಬೇಕು, ಮೊಬೈಲಿನಲ್ಲಿ ಮಾಡಿದರೂ ನಡೆಯುತ್ತದೆ. 105ನೇ ಕಲಂ ಪ್ರಕಾರ ಜಪ್ತಿ ಪಟ್ಟಿ ತಯಾರಿಸುವುದು, ಪಂಚರು, ಅಂದರೆ ಶೋಧಕ್ಕೆ ಸಾಕ್ಷಿಯಾಗಿ ನಿಂತವರು, ಸಹಿ ಹಾಕುವುದು ಕೂಡ ಆ ಚಿತ್ರೀಕರಣದಲ್ಲಿ ಬರಬೇಕು, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇನ್ನು ಬರೆದಿಟ್ಟ ಕಾರಣದ ಪ್ರತಿ ಮ್ಯಾಜಿಸ್ಟ್ರೇಟರಿಗೆ ‘ತಕ್ಷಣ’ ಹೋಗಬೇಕು ಎಂದಷ್ಟೇ ಹಳೆಯ ಕಾನೂನಿನಲ್ಲಿತ್ತು. ಈಗ 48 ಗಂಟೆಯ ಗಡುವು ಬಿದ್ದಿದೆ.

ಈ ಗಡುವಿನ ಬೆಲೆ ಗೊತ್ತಾಗಬೇಕಾದರೆ ಎಲ್ಲಿ ತಪ್ಪು ನಡೆಯುತ್ತದೆ ಎಂದು ನೋಡಬೇಕು. ಎಷ್ಟೋ ಪ್ರಕರಣಗಳಲ್ಲಿ ಶೋಧ ಮೊದಲು, ಕಾರಣ ಆಮೇಲೆ. ಏನಾದರೂ ಸಿಕ್ಕಿದ ಮೇಲೆ ಠಾಣೆಯಲ್ಲಿ ಕೂತು ‘ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿ ಮೇರೆಗೆ’ ಎಂಬ ಸಿದ್ಧ ವಾಕ್ಯ ಬರೆದು, ಹೊರಡುವುದಕ್ಕೆ ಅರ್ಧ ಗಂಟೆ ಮುಂಚಿನ ಸಮಯ ಹಾಕುತ್ತಾರೆ. ಏನೂ ಸಿಗದಿದ್ದರೆ ಬರೆಯುವುದೇ ಇಲ್ಲ, ಆ ಮನೆಗೆ ಹೋಗಿಯೇ ಇರಲಿಲ್ಲ ಎಂಬಂತೆ. ಠಾಣಾ ದಿನಚರಿಯಲ್ಲಿ ಸಿಬ್ಬಂದಿ ಹೊರಟ ಹೊತ್ತು, ಜೀಪಿನ ಲಾಗ್ ಬುಕ್, ವಿಡಿಯೊ ಫೈಲಿನ ಸಮಯ, ಕೋರ್ಟ್ ಕಚೇರಿ ಸ್ವೀಕರಿಸಿದ ಮುದ್ರೆಯ ತಾರೀಖು, ಈ ನಾಲ್ಕನ್ನು ಪಕ್ಕಪಕ್ಕದಲ್ಲಿಟ್ಟರೆ ಆಮೇಲೆ ಬರೆದದ್ದು ಮೇಲೆದ್ದು ಕಾಣುತ್ತದೆ. ಕೋರ್ಟಿನ ಮುದ್ರೆ ನಾಲ್ಕನೇ ದಿನದ್ದಾಗಿದ್ದರೆ ಪಾಟೀಸವಾಲಿನಲ್ಲಿ ತನಿಖಾಧಿಕಾರಿ ಉತ್ತರ ಹುಡುಕಬೇಕಾಗುತ್ತದೆ.

ಕಾರಣ ಬರೆದಿಡುವುದು ಬರೀ ಶಿಷ್ಟಾಚಾರವಲ್ಲ ಎಂದು ಸುಪ್ರೀಂ ಕೋರ್ಟ್ 1959ರಷ್ಟು ಹಿಂದೆಯೇ, ರಾಜಸ್ಥಾನ ಸರ್ಕಾರ ಮತ್ತು ರೆಹಮಾನ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಕೇಂದ್ರ ಅಬಕಾರಿ ಅಧಿಕಾರಿ ಕಾರಣ ದಾಖಲಿಸದೆ ಶೋಧಕ್ಕೆ ಬಂದಿದ್ದರು. ತಡೆದವರ ಮೇಲೆ ಕರ್ತವ್ಯಕ್ಕೆ ಅಡ್ಡಿಯ ಕೇಸಾಯಿತು. ಶೋಧವೇ ಕಾನೂನುಬಾಹಿರವಾದ್ದರಿಂದ ಆ ಕೇಸು ನಿಲ್ಲಲಿಲ್ಲ. ಇದನ್ನು ಓದಿ ಯಾರೂ ಬಾಗಿಲಿಗೆ ಅಡ್ಡ ನಿಲ್ಲಲು ಹೋಗಬಾರದು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ವಸ್ತುವಿಗಾಗಿ ಮಾಡುವ ಶೋಧ ಬೇರೆ, ವ್ಯಕ್ತಿಯನ್ನು ಹಿಡಿಯಲು ಮನೆ ಹೊಗುವುದು ಬೇರೆ. ಎರಡನೆಯದಕ್ಕೆ 44ನೇ ಕಲಂ ಇದೆ. ಬಂಧಿಸುವ ಅಧಿಕಾರವಿರುವ ಪೊಲೀಸರಿಗೆ, ಆ ವ್ಯಕ್ತಿ ಒಳಗಿದ್ದಾನೆ ಎಂದು ನಂಬಲು ಕಾರಣವಿದ್ದರೆ, ಮನೆಯವರು ದಾರಿ ಬಿಡಬೇಕು. ಬಾಗಿಲು ಒಡೆಯುವ ಅಧಿಕಾರವೂ ಇದೆ. ಆದರೆ ತಾವು ಯಾರು, ಯಾಕೆ ಬಂದಿದ್ದೇವೆ ಎಂದು ಹೇಳಿ, ತೆಗೆಯಿರಿ ಎಂದು ಕೇಳಿ, ಆದರೂ ತೆಗೆಯದಿದ್ದಾಗ ಮಾತ್ರ. ಹೊರಗಿನವರ ಮುಂದೆ ಬರದ ಸಂಪ್ರದಾಯದ ಹೆಣ್ಣುಮಗಳು ವಾಸವಿರುವ ಕೋಣೆಯಾದರೆ, ಬಂಧಿಸಬೇಕಾದವಳು ಆಕೆಯಲ್ಲದಿದ್ದಲ್ಲಿ, ಮೊದಲು ತಿಳಿಸಿ ಆಕೆ ಹೊರಬರಲು ಅವಕಾಶ ಕೊಡಬೇಕು. ಮಹಿಳೆಯನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ವರದಿ ಬರೆದು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ವ್ಯಕ್ತಿಯನ್ನು ಹುಡುಕಲು ಒಳಬಂದವರು ಮಂಚದ ಕೆಳಗೆ, ಅಟ್ಟದ ಮೇಲೆ ನೋಡಬಹುದು. ಡ್ರಾಯರ್ ಎಳೆದು ಕಾಗದಪತ್ರ ಕೆದಕಿದರೆ ಅದು ಇನ್ನೊಂದು ಬಗೆಯ ಶೋಧ, ಅದಕ್ಕೆ 185 ಬೇಕು.

ಹೊತ್ತಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಂಜೆ ಆರರ ಮೇಲೆ ಪೊಲೀಸರು ಶೋಧ ಮಾಡುವಂತೆಯೇ ಇಲ್ಲ ಎನ್ನುವವರಿದ್ದಾರೆ. 185ರಲ್ಲಿ ಅಂಥ ನಿರ್ಬಂಧವಿಲ್ಲ. ಅದು ಇರುವುದು ಮಾದಕ ವಸ್ತು ಕಾಯ್ದೆಯಲ್ಲಿ. 1985ರ ಎನ್‌ಡಿಪಿಎಸ್ ಕಾಯ್ದೆಯ 42ನೇ ಕಲಂ ಪ್ರಕಾರ, ಅಧಿಕಾರ ಪಡೆದ ಅಧಿಕಾರಿ ಬಂದ ಮಾಹಿತಿಯನ್ನು ಬರೆದಿಟ್ಟು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ವಾರಂಟ್ ಇಲ್ಲದೆ ಒಳಹೋಗಬಹುದು. ರಾತ್ರಿಯಾದರೆ, ವಾರಂಟ್ ತರುವಷ್ಟರಲ್ಲಿ ಸಾಕ್ಷ್ಯ ಮುಚ್ಚಿಡುತ್ತಾರೆ ಇಲ್ಲವೇ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಎಂಬ ನಂಬಿಕೆಗೆ ಕಾರಣವನ್ನೂ ಬರೆಯಬೇಕು. ಆ ಬರಹದ ಪ್ರತಿ 72 ಗಂಟೆಯೊಳಗೆ ಮೇಲಧಿಕಾರಿಗೆ ಹೋಗಬೇಕು. ಇದನ್ನು ಪೂರ್ತಿ ಕೈಬಿಟ್ಟರೆ ಕೇಸೇ ಬೀಳುತ್ತದೆ. ಕರ್ನೈಲ್ ಸಿಂಗ್ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ತುರ್ತಿನಲ್ಲಿ ಸ್ವಲ್ಪ ತಡವಾದರೆ ಸಮಾಧಾನಕರ ವಿವರಣೆ ಕೊಟ್ಟು ಉಳಿಯಬಹುದು, ಪಾಲಿಸದೇ ಇರುವಂತಿಲ್ಲ ಎಂದಿತು. ಕಿರುಕುಳಕ್ಕಾಗಿ ಮಾಡಿದ ಶೋಧಕ್ಕೆ ಅದೇ ಕಾಯ್ದೆಯ 58ನೇ ಕಲಂ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ 54ನೇ ಕಲಂನಲ್ಲೂ ಕಾರಣ ಬರೆದಿಟ್ಟೇ ಒಳಹೋಗಬೇಕು ಎಂದಿದೆ. ಅನೈತಿಕ ವ್ಯವಹಾರ ತಡೆ ಕಾಯ್ದೆಯ 15ನೇ ಕಲಂ ಕೆಳಗೆ ಶೋಧವಾದರೆ ಪಂಚರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು, ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಬಂದಿರಬೇಕು. ಹೀಗಾಗಿ ಯಾವ ಕಾಯ್ದೆ ಎಂದು ತಿಳಿಯದೆ ಸರಿತಪ್ಪು ಹೇಳಲಾಗದು.

ರೌಡಿ ಪಟ್ಟಿಯಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಬೆಳಗಿನ ಜಾವ ಸಾಲಾಗಿ ಮನೆಗಳ ಬಾಗಿಲು ಬಡಿಯುವುದು ಇವೆಲ್ಲದರಿಂದ ಹೊರಗಿನ ಮಾತು. ಅಲ್ಲಿ ತನಿಖೆ ಇಲ್ಲ, ಹುಡುಕುವ ವಸ್ತು ಇಲ್ಲ, ಬಂಧಿಸಬೇಕಾದ ಕೇಸೂ ಇಲ್ಲ. ಖರಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ, ಉತ್ತರ ಪ್ರದೇಶ ಪೊಲೀಸ್ ನಿಯಮಗಳಲ್ಲಿದ್ದ ರಾತ್ರಿ ಮನೆ ಭೇಟಿಯ ಅವಕಾಶವನ್ನು ರದ್ದು ಮಾಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರಲ್ಲಿ. ಆ ಅರ್ಜಿ ಹಾಕಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿಗಾ ಇಡುವ ನೆಪದಲ್ಲಿ ರಾತ್ರಿ ಮನೆ ಬಾಗಿಲು ಬಡಿಯುವಂತಿಲ್ಲ ಎಂದು ಕೇರಳ ಹೈಕೋರ್ಟ್ 2025ರಲ್ಲಿ ಮತ್ತೊಮ್ಮೆ ಹೇಳಿದೆ. ಇಷ್ಟಾದರೂ ಇಂಥ ದಾಳಿಗಳ ಫೋಟೊ ಸಾಧನೆಯೆಂಬಂತೆ ಪ್ರಕಟವಾಗುತ್ತಿರುವುದು ವಿಚಿತ್ರ.

ಪೊಲೀಸರು ಬಾಗಿಲಿಗೆ ಬಂದಾಗ ಏನು ಮಾಡಬೇಕು? ಮಫ್ತಿಯಲ್ಲಿದ್ದರೆ ಗುರುತಿನ ಚೀಟಿ ಕೇಳಿ. ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ, ಇಂಥ ಠಾಣೆಯವರು ನಮ್ಮ ಮನೆಗೆ ಬಂದಿರುವುದು ನಿಜವೇ ಎಂದು ವಿಚಾರಿಸಿ. ಪೊಲೀಸ್ ವೇಷದ ದರೋಡೆಗಳು ನಡೆಯುವ ಕಾಲದಲ್ಲಿ ಹಾಗೆ ಕೇಳುವುದು ತಪ್ಪಲ್ಲ. ವಿಡಿಯೊ ಕಾಲ್‌ನಲ್ಲಿ ಕೂರಿಸಿ ನಡೆಸುವ ‘ಶೋಧ’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಬೇರೆ ಊರಿನ ಠಾಣೆಯವರಾದರೆ 186ನೇ ಕಲಂ ಅನ್ವಯಿಸುತ್ತದೆ. ಸ್ಥಳೀಯ ಠಾಣೆಯ ಮೂಲಕ ಶೋಧ ಮಾಡಿಸಬೇಕು, ಇಲ್ಲವೇ ತುರ್ತಿಗೆ ತಾವೇ ಮಾಡಿದರೆ ಸ್ಥಳೀಯ ಠಾಣೆಗೆ ಕೂಡಲೇ ತಿಳಿಸಿ ಪಟ್ಟಿಯ ಪ್ರತಿ ಕಳಿಸಬೇಕು. ಎಲ್ಲ ಭೇಟಿಯೂ ಶೋಧವಲ್ಲ ಎಂಬುದೂ ನೆನಪಿರಲಿ. ಮಹಿಳೆಯರು, 15 ವರ್ಷದ ಒಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರನ್ನು ಸಾಕ್ಷಿ ಹೇಳಿಕೆಗೆ ಠಾಣೆಗೆ ಕರೆಯುವಂತಿಲ್ಲ ಎಂದು 179ನೇ ಕಲಂ ಹೇಳುವುದರಿಂದ, ಹೇಳಿಕೆಗಾಗಿ ಪೊಲೀಸರೇ ಮನೆಗೆ ಬರುತ್ತಾರೆ.

‘ಸುಮ್ಮನೆ ಒಂದು ಸಲ ನೋಡಿ ಹೋಗ್ತೀವಿ’ ಎಂದಾಗ ‘ಬನ್ನಿ ಸರ್’ ಎಂದರೆ, ನಾಳೆ ಅದು ಒಪ್ಪಿಗೆಯಾಗಿ ಕೋರ್ಟಿನಲ್ಲಿ ಬರುತ್ತದೆ. ‘ನನ್ನ ಒಪ್ಪಿಗೆ ಇಲ್ಲ. 185ರ ಕೆಳಗೆ ಶೋಧ ಮಾಡುವುದಾದರೆ ತಡೆಯುವುದಿಲ್ಲ, ಪಂಚರನ್ನು ಕರೆಸಿ, ವಿಡಿಯೊ ಮಾಡಿ’ ಎಂದು ಮೆಲ್ಲಗೆ, ಸ್ಪಷ್ಟವಾಗಿ ಹೇಳುವುದು ಸರಿಯಾದ ದಾರಿ. ಆ ಮಾತು ಅವರ ವಿಡಿಯೊದಲ್ಲೇ ದಾಖಲಾಗಲಿ. ನಿಮ್ಮ ಮನೆಯಲ್ಲಿ ನಿಮ್ಮ ಫೋನಿನಿಂದ ನೀವೂ ಚಿತ್ರೀಕರಿಸಬಹುದು, ಅವರ ಕೆಲಸಕ್ಕೆ ಅಡ್ಡವಾಗದಂತೆ ದೂರ ನಿಂತು. ಕೈ ಮಾತ್ರ ಅಡ್ಡ ಇಡಬೇಡಿ. ಕಾನೂನುಬಾಹಿರ ಶೋಧವನ್ನು ವಿರೋಧಿಸಬಹುದು ಎಂದು ತೀರ್ಪುಗಳಲ್ಲಿದೆ, ನಿಜ. ಆದರೆ ಆ ಶೋಧ ಕಾನೂನುಬಾಹಿರವೇ ಎಂಬುದು ಬಾಗಿಲಲ್ಲಿ ತೀರ್ಮಾನವಾಗುವುದಿಲ್ಲ, ಅಷ್ಟರೊಳಗೆ ನಿಮ್ಮ ಮೇಲೆ ಅಪರಾಧ–ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 132 ಮತ್ತು 221 (ಸರ್ಕಾರಿ ನೌಕರನ ಮೇಲೆ ಬಲಪ್ರಯೋಗ, ಕರ್ತವ್ಯಕ್ಕೆ ಅಡ್ಡಿ) ಬಿದ್ದಿರುತ್ತವೆ. ಸರ್ಕಾರಿ ನೌಕರ ಸದುದ್ದೇಶದಿಂದ, ಅಧಿಕಾರದ ಬಲದಲ್ಲಿ ಮಾಡಿದ ಕೆಲಸ ಕಾನೂನಿಗೆ ಪೂರ್ತಿ ಹೊಂದದಿದ್ದರೂ, ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಭಯವಿಲ್ಲದ ಕಡೆ ಆತ್ಮರಕ್ಷಣೆಯ ಹಕ್ಕಿಲ್ಲ ಎಂದು ಬಿಎನ್‌ಎಸ್ 37 ಹೇಳುತ್ತದೆ.

ಮನೆಯೊಳಗಿನ ಕ್ರಮ 103ನೇ ಕಲಂನಲ್ಲಿದೆ. ಅದೇ ಬಡಾವಣೆಯ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳು ಪಂಚರಾಗಿರಬೇಕು. ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಬೇರೆ ಕಡೆಯವರು ಆಗಬಹುದು. ಜೀಪಿನಲ್ಲೇ ಪಂಚರನ್ನು ಕರೆತಂದರೆ ಅವರ ಹೆಸರು, ವಿಳಾಸ, ಕೆಲಸ ಕೇಳಿ ಬರೆದುಕೊಳ್ಳಿ. ಒಂದೇ ಠಾಣೆಯ ಹತ್ತಾರು ಮಹಜರುಗಳಲ್ಲಿ, ಅಂದರೆ ಸ್ಥಳದಲ್ಲೇ ಬರೆಯುವ ಶೋಧ–ಜಪ್ತಿಯ ದಾಖಲೆಗಳಲ್ಲಿ, ಅದೇ ಹೆಸರುಗಳು ತಿರುಗುತ್ತಿರುವುದುಂಟು. ಪಕ್ಕದ ಮನೆಯವರೂ ಹಿಂಜರಿಯಬಾರದು. ಲಿಖಿತ ಆದೇಶ ಕೊಟ್ಟು ಕರೆದಾಗ ಸಕಾರಣವಿಲ್ಲದೆ ನಿರಾಕರಿಸಿದರೆ ಅದೇ ಒಂದು ಅಪರಾಧ, ಬಿಎನ್‌ಎಸ್ 222. ವಿಶೇಷವಾಗಿ ಸಮನ್ಸ್ ಬರದ ಹೊರತು ಪಂಚರು ಕೋರ್ಟಿಗೆ ಅಲೆಯಬೇಕಾಗಿಲ್ಲ ಎಂಬುದೂ 103ನೇ ಕಲಂನಲ್ಲೇ ಇದೆ.

ಮನೆಯವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಒಳಗೆ ಹುಡುಕುವುದು ಬಹಳ ಕಡೆ ನಡೆಯುವ ತಪ್ಪು. ಮನೆಯವರು ಅಥವಾ ಅವರ ಪರವಾಗಿ ಒಬ್ಬರು ‘ಪ್ರತಿಯೊಂದು ಸಂದರ್ಭದಲ್ಲೂ’ ಶೋಧದ ವೇಳೆ ಹಾಜರಿರಲು ಬಿಡಬೇಕೆಂದು ಕಲಂ ಹೇಳುತ್ತದೆ. ಬಾಡಿಗೆ ಮನೆಯಾದರೆ ಆ ಜಾಗ ಬಾಡಿಗೆದಾರರದು. ಮಾಲೀಕರು ನಕಲಿ ಕೀಲಿಯಿಂದ ಬಾಗಿಲು ತೆಗೆದುಕೊಟ್ಟರೆ ಅದು ಬಾಡಿಗೆದಾರರ ಒಪ್ಪಿಗೆ ಆಗುವುದಿಲ್ಲ. ಒಂದೊಂದೇ ಕೋಣೆ ಮುಗಿಸಿ ಮುಂದಿನದಕ್ಕೆ ಹೋಗಲಿ, ಜೊತೆಗೆ ನೀವೂ ಪಂಚರೂ ಹೋಗಿ. ಶೋಧಕ್ಕೆ ಮುಂಚೆ ಪೊಲೀಸರು ತಮ್ಮ ಅಂಗಶೋಧಕ್ಕೆ ಒಡ್ಡಿಕೊಳ್ಳುವುದು 103ರಲ್ಲಿ ಬರೆದಿಲ್ಲ, ಹಳೆಯ ರೂಢಿ. ಕೇಳಿದರೆ ತಪ್ಪಿಲ್ಲ. ಮಹಿಳೆಯ ಮೈ ಶೋಧವನ್ನು ಮಹಿಳೆಯೇ, ಮರ್ಯಾದೆಗೆ ಕುಂದಿಲ್ಲದಂತೆ ಮಾಡಬೇಕು.

ಕೊನೆಗೆ ಮಹಜರು. ನಿಜವಾದ ಜಗಳವೆಲ್ಲ ಈ ಕಾಗದದ ಮೇಲೆಯೇ ನಡೆಯುವುದು. ಜಪ್ತಿಯಾದ ಪ್ರತಿ ವಸ್ತುವೂ, ಅದು ಸಿಕ್ಕ ಜಾಗವೂ ಬರಬೇಕು. ‘ಒಂದು ಬ್ಯಾಗ್’ ಎಂದರೆ ಸಾಲದು, ‘ಮಲಗುವ ಕೋಣೆಯ ಬೀರುವಿನ ಮೇಲಿನ ಅರೆಯಲ್ಲಿದ್ದ ಕಪ್ಪು ಬ್ಯಾಗ್, ಒಳಗೆ ಇಂತಿಂಥವು’ ಎಂದಿರಬೇಕು. ಚಿನ್ನವಾದರೆ ಒಡವೆವಾರು ತೂಕ, ನಗದಾದರೆ ಯಾವ ಮುಖಬೆಲೆಯ ಎಷ್ಟು ನೋಟು, ಫೋನಾದರೆ ಕಂಪನಿ, ಮಾಡೆಲ್, ಐಎಂಇಐ ಸಂಖ್ಯೆ. ಫೋನಿನಲ್ಲಿ *#06# ಒತ್ತಿದರೆ ಅದು ತೆರೆಯ ಮೇಲೆ ಬರುತ್ತದೆ, ನೀವೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಶುರುವಾದ ಮತ್ತು ಮುಗಿದ ಹೊತ್ತು, ಬಂದವರ ಹೆಸರು, ಮೊಹರು ಮಾಡಿದ ವಿವರ ಇರಲಿ. ಏನೂ ಸಿಗದಿದ್ದರೆ ಏನೂ ಸಿಗಲಿಲ್ಲ ಎಂದು ಬರೆಸಿ. ಖಾಲಿ ಹಾಳೆಗೆ, ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ ಬೇಡ. ‘ಠಾಣೆಗೆ ಬಂದು ಸಹಿ ಹಾಕಿ’ ಎಂದರೆ ಮಹಜರು ಸ್ಥಳದಲ್ಲಿ ಆಗಲಿಲ್ಲ ಎಂದೇ ಅರ್ಥ. ಪಂಚರ ಸಹಿಯಿರುವ ಪಟ್ಟಿಯ ಪ್ರತಿಯನ್ನು ಅಲ್ಲೇ ಮನೆಯವರಿಗೆ ಕೊಡಬೇಕು. ಕೊಡದೆ ಹೊರಟರೆ ಅವರು ಹೋಗುವಾಗ ನೀವು ಪ್ರತಿ ಕೇಳಿದ್ದೂ ವಿಡಿಯೊದಲ್ಲಿರಲಿ. ಆಮೇಲೆ ಠಾಣೆಯಲ್ಲಿ ಪಿ.ಎಫ್. (ಪ್ರಾಪರ್ಟಿ ಫಾರ್ಮ್, ಜಪ್ತಿ ಸ್ವತ್ತಿನ ನಮೂನೆ) ನಂಬರ್ ಕೇಳಿ ಪಡೆದರೆ, ಕೋರ್ಟಿಗೆ ಒಪ್ಪಿಸಿದ ಸ್ವತ್ತಿನಲ್ಲಿ ನಿಮ್ಮದು ಪೂರ್ತಿ ಇದೆಯೇ ಎಂದು ತಾಳೆ ನೋಡಬಹುದು.

ಇನ್ನು ನಾನು ಮೊದಲು ಹೇಳಿದ ಹಕ್ಕು, 185ರ ಐದನೇ ಉಪಕಲಂ. ಶೋಧವಾದ ಜಾಗದ ಮಾಲೀಕರು ಅಥವಾ ವಾಸವಿರುವವರು ಅರ್ಜಿ ಹಾಕಿದರೆ, ಬರೆದಿಟ್ಟ ಕಾರಣದ ಪ್ರತಿಯನ್ನು ಮ್ಯಾಜಿಸ್ಟ್ರೇಟರು ಪುಕ್ಕಟೆ ಕೊಡಬೇಕು. ಕೇಸ್ ಡೈರಿ ಗೋಪ್ಯ, ಕೊಡಲಾಗದು ಎಂಬ ಉತ್ತರ ಇಲ್ಲಿ ಸಲ್ಲದು, ಈ ಭಾಗದ ಪ್ರತಿ ಕೊಡಿ ಎಂದು ಸಂಹಿತೆಯೇ ಹೇಳಿದೆ. ಆ ಠಾಣೆ ಯಾವ ಕೋರ್ಟಿನ ವ್ಯಾಪ್ತಿಗೆ ಸೇರುತ್ತದೆ ಎಂದು ತಿಳಿದುಕೊಂಡು, 48 ಗಂಟೆ ಕಳೆದ ಮೇಲೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ: ಶೋಧದ ತಾರೀಖು, ಹೊತ್ತು, ವಿಳಾಸ, ಗೊತ್ತಿದ್ದರೆ ಕ್ರೈಂ ನಂಬರ್, ಬಂದ ಅಧಿಕಾರಿಯ ಹೆಸರು, ನೀವು ಮಾಲೀಕರೋ ಬಾಡಿಗೆದಾರರೋ ಎಂಬುದು. 105ರ ಪ್ರಕಾರ ಬಂದಿರಬೇಕಾದ ವಿಡಿಯೊವನ್ನು ಕಾಪಾಡಿಡುವಂತೆಯೂ ಅದೇ ಅರ್ಜಿಯಲ್ಲಿ ಕೋರಿ. ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಂಥ ದಾಖಲೆ ಬಂದಿಲ್ಲ ಎಂಬ ಹಿಂಬರಹ ಸಿಕ್ಕರೆ ಅದು ಪ್ರತಿ ಸಿಕ್ಕಿದ್ದಕ್ಕಿಂತಲೂ ಬಲವಾದ ಕಾಗದ.

ಅದರಿಂದ ಕೇಸು ತಾನಾಗಿ ಬೀಳುತ್ತದೆ ಎಂದು ಮಾತ್ರ ಎಣಿಸಬೇಡಿ. ಶೋಧ ಅಕ್ರಮವಾದರೂ ಸಿಕ್ಕ ವಸ್ತು ಸಾಕ್ಷ್ಯವಾಗಿ ನಿಲ್ಲಬಹುದು ಎಂಬುದು ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪಿನಿಂದ ಇಂದಿನವರೆಗೂ ನಮ್ಮ ಕಾನೂನು. ಅಕ್ರಮವಿದ್ದಾಗ ಕೋರ್ಟ್ ಜಪ್ತಿಯ ಸಾಕ್ಷ್ಯವನ್ನು ಹೆಚ್ಚು ಎಚ್ಚರಿಕೆಯಿಂದ ತೂಗುತ್ತದೆ, ಅಷ್ಟೆ. ನನ್ನ ಅಭಿಪ್ರಾಯದಲ್ಲಿ ಠಾಣೆಗಳಲ್ಲಿ ಕಾರಣ ಬರೆಯುವ ಶಿಸ್ತು ಇಷ್ಟು ಸಡಿಲವಾಗಿರುವುದಕ್ಕೆ ಈ ನಿಲುವೇ ಮುಖ್ಯ ಕಾರಣ. ಏನಾದರೂ ಸಿಕ್ಕರೆ ಸಾಕು, ಉಳಿದದ್ದು ನಡೆಯುತ್ತದೆ ಎಂಬ ಧೈರ್ಯ.

ಫೋನಿನ ಬಗ್ಗೆ ಎರಡು ಮಾತು. ಮನೆ ಶೋಧದಲ್ಲಿ ಫೋನ್ ಜಪ್ತಿ ಮಾಡುವುದು ಒಂದು, ಅದರೊಳಗಿನದನ್ನು ಕೆದಕುವುದು ಇನ್ನೊಂದು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಸ್ಮಾರ್ಟ್‌ಫೋನ್ ಮತ್ತು ಇಮೇಲ್ ಶೋಧಕ್ಕೆ ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿನಲ್ಲಿ ವಾರಂಟ್ ಇಲ್ಲದೆ ಮಾಡಿದರೆ ಕಾರಣ ಬರೆದಿಡಬೇಕು ಎಂದಿದೆ. ಪಾಸ್‌ವರ್ಡ್ ಕೊಡುವಂತೆ ಕೋರ್ಟ್ ಆದೇಶಿಸಬಹುದು ಎಂದೂ ಹೇಳಿದೆ. ಆದೇಶ ಕೋರ್ಟಿನದ್ದಾಗಿರಬೇಕು, ಜಗಲಿಯಲ್ಲಿ ನಿಂತ ಸಿಬ್ಬಂದಿಯದ್ದಲ್ಲ.

ದೂರು ಕೊಡುವುದಾದರೆ ಎಸ್‌ಪಿ ಅಥವಾ ಪೊಲೀಸ್ ಕಮಿಷನರ್, ರಾಜ್ಯ ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ ಇವೆ. ಮೂಲಭೂತ ಹಕ್ಕಿನ ಪ್ರಶ್ನೆಗೆ ಹೈಕೋರ್ಟಿನಲ್ಲಿ ರಿಟ್ ಇದೆ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬಹುದು. ಆದರೆ ಅಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಎದುರಾಗುತ್ತದೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು, ಒಂದು ವರ್ಷದ ಕಾಲಮಿತಿಯೂ ಇದೆ. ಕರ್ತವ್ಯ ಮೀರಿ ನಡೆದದ್ದಾದರೂ, ಕರ್ತವ್ಯಕ್ಕೆ ಸಂಬಂಧವಿದ್ದರೆ ಅನುಮತಿ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಹೇಳಿದೆ. ಅನುಮತಿಯ ಅರ್ಜಿ ಕಡತದಲ್ಲಿ ಕೂತಿರುವಾಗಲೇ ವರ್ಷ ಕಳೆದುಹೋಗುವ ಅಪಾಯ ಇರುವುದರಿಂದ, ಆ ಅರ್ಜಿಯನ್ನೂ 185(5)ರ ಅರ್ಜಿಯನ್ನೂ ಮೊದಲ ತಿಂಗಳಲ್ಲೇ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು.

ಇಂತಿ,
ಕ್ರಿಮಿನಲ್ ಪ್ರಕರಣ ನಡೆಸುವ ಒಬ್ಬ ನ್ಯಾಯವಾದಿ